ಎರಡು ಪ್ರಮಾಣವಚನ, ಎರಡು ನೆನಪು: ಲೂಯಿಸಿಯಾನದ 1872ರ ಗವರ್ನರ್ ಚುನಾವಣೆ

ಅಮೆರಿಕದ ಅಂತರ್ಯುದ್ಧಾನಂತರದ ಪುನರ್ನಿರ್ಮಾಣ ಕಾಲವನ್ನು (1865–1877) ಕುರಿತ ಚರಿತ್ರೆ ಬಹುಕಾಲ ಗೆದ್ದು ನಿಂತವರ ನೆನಪನ್ನೇ ಆಧರಿಸಿತ್ತು. ಲೂಯಿಸಿಯಾನ ರಾಜ್ಯದ 1872ರ ಗವರ್ನರ್ ಚುನಾವಣೆ ಇದಕ್ಕೊಂದು ನಿದರ್ಶನ.

ಆ ವರ್ಷದ ನವೆಂಬರಿನಲ್ಲಿ ರಿಪಬ್ಲಿಕನ್ ಪಕ್ಷದ ವಿಲಿಯಂ ಪಿಟ್ ಕೆಲಾಗ್ ಅವರಿಗೆ ಎದುರಾಗಿ, ಡೆಮಾಕ್ರಟರೂ ಬಂಡಾಯ ರಿಪಬ್ಲಿಕನ್ನರೂ ಕೂಡಿ ಜಾನ್ ಮೆಕೆನರಿಯವರನ್ನು ನಿಲ್ಲಿಸಿದರು. ಮತಗಳನ್ನು ಪರಿಶೀಲಿಸಿ ಫಲಿತಾಂಶ ಸಾರಬೇಕಾದ ಮಂಡಳಿಯೇ ಒಡೆದು, ಪರಸ್ಪರ ವಿರುದ್ಧ ಫಲಿತಾಂಶಗಳು ಹೊರಬಿದ್ದವು. ಮೆಕೆನರಿಯವರ ಪರವಿದ್ದ ಗವರ್ನರ್ ವಾರ್ಮೋತ್ ಅವರ ಮೇಲೆ ಡಿಸೆಂಬರಿನಲ್ಲಿ ಮಹಾಭಿಯೋಗ ಹೂಡಲಾಗಿ, ಕಪ್ಪು ಜನಾಂಗದ ಪಿಂಚ್‌ಬ್ಯಾಕ್ ಕೆಲವು ವಾರ ಆ ಸ್ಥಾನವನ್ನು ನಿರ್ವಹಿಸಿದರು. 1873ರ ಜನವರಿಯಲ್ಲಿ ಕೆಲಾಗ್ ಮತ್ತು ಮೆಕೆನರಿ ಇಬ್ಬರೂ ಪ್ರಮಾಣವಚನ ಸ್ವೀಕರಿಸಿದರು. ಒಕ್ಕೂಟ ಸರ್ಕಾರ ಕೆಲಾಗ್ ಅವರನ್ನು ಬೆಂಬಲಿಸಿತು.

ರಾಜಧಾನಿಯ ಈ ದ್ವಂದ್ವ ಹಳ್ಳಿಗಾಡಿಗೂ ಇಳಿಯಿತು. ಗ್ರಾಂಟ್ ಪ್ಯಾರಿಷ್ ಎಂಬ ಜಿಲ್ಲೆಯಲ್ಲಿ ಶೆರಿಫ್ ಹಾಗೂ ನ್ಯಾಯಾಧೀಶರ ಹುದ್ದೆಗಳಿಗೆ ಎರಡೂ ಬಣಗಳು ಹಕ್ಕು ಹೂಡಿದವು. ಕಾಲ್‌ಫ್ಯಾಕ್ಸ್ ಪಟ್ಟಣದ ನ್ಯಾಯಾಲಯ ಕಟ್ಟಡವನ್ನು ಕಾಯುತ್ತಿದ್ದ ಕಪ್ಪು ಜನರ ಮೇಲೆ 1873ರ ಏಪ್ರಿಲ್ 13ರಂದು, ಈಸ್ಟರ್ ಭಾನುವಾರ, ಬಿಳಿಯರ ಸಶಸ್ತ್ರ ಪಡೆ ಫಿರಂಗಿಯೊಡನೆ ಎರಗಿತು, ಕಟ್ಟಡಕ್ಕೆ ಬೆಂಕಿಯಿಟ್ಟಿತು. ಶರಣಾದ ಅನೇಕರನ್ನು ಅನಂತರ ಕೊಲ್ಲಲಾಯಿತು. ಮಡಿದ ಬಿಳಿಯರು ಮೂವರು. ಕಪ್ಪು ಜನರ ಸಾವಿನ ಅಂದಾಜು ಸುಮಾರು 60ರಿಂದ 150ರವರೆಗೆ ವ್ಯತ್ಯಾಸಗೊಳ್ಳುತ್ತದೆ. ಒಂದು ಕಡೆಯ ಲೆಕ್ಕ ನಿಖರವಾಗಿಯೂ ಇನ್ನೊಂದು ಕಡೆಯದು ಅಂದಾಜಾಗಿಯೂ ಉಳಿದಿರುವುದೇ ಅಂದಿನ ಅಧಿಕಾರ ಸಂಬಂಧಗಳನ್ನು ಸೂಚಿಸುತ್ತದೆ.

ಅಪರಾಧ ಸಾಬೀತಾದ ಕೆಲವರ ಶಿಕ್ಷೆಯನ್ನೂ ಸುಪ್ರೀಂ ಕೋರ್ಟ್ 1876ರ ಕ್ರುಕ್‌ಷ್ಯಾಂಕ್ ತೀರ್ಪಿನಲ್ಲಿ ಎತ್ತಿಹಿಡಿಯಲಿಲ್ಲ. ಸಂವಿಧಾನದ ಹದಿನಾಲ್ಕನೆಯ ತಿದ್ದುಪಡಿ ರಾಜ್ಯಗಳ ಕೃತ್ಯವನ್ನು ನಿರ್ಬಂಧಿಸುತ್ತದೆಯೇ ಹೊರತು ಖಾಸಗಿ ವ್ಯಕ್ತಿಗಳ ಕೃತ್ಯವನ್ನಲ್ಲ ಎಂಬುದು ಅದರ ನಿಲುವು. ಈ ನಡುವೆ 1874ರ ಸೆಪ್ಟೆಂಬರಿನಲ್ಲಿ ‘ವೈಟ್ ಲೀಗ್’ ಪಡೆ ನ್ಯೂ ಆರ್ಲಿಯನ್ಸಿನಲ್ಲಿ ಕೆಲಾಗ್ ಸರ್ಕಾರವನ್ನು ಉರುಳಿಸಿತು. ಕೆಲವೇ ದಿನಗಳಲ್ಲಿ ಒಕ್ಕೂಟದ ಸೇನೆ ಅದನ್ನು ಮತ್ತೆ ಸ್ಥಾಪಿಸಿತು. 1877ರಲ್ಲಿ ಆ ಸೇನೆಯ ಆಸರೆ ತಪ್ಪಿದೊಡನೆ ಲೂಯಿಸಿಯಾನದಲ್ಲಿ ರಿಪಬ್ಲಿಕನ್ ಆಡಳಿತ ಕೊನೆಗೊಂಡಿತು.

ಅಧಿಕಾರ ಕೈಗೆ ಬಂದ ಮೇಲೆ ನೆನಪೂ ಕಲ್ಲಿನಲ್ಲಿ ನೆಲೆಗೊಂಡಿತು. ನ್ಯೂ ಆರ್ಲಿಯನ್ಸಿನ ದಂಗೆಗೆ 1891ರಲ್ಲಿ ಸ್ಮಾರಕ ನಿಂತಿತು. 1921ರಲ್ಲಿ ಕಾಲ್‌ಫ್ಯಾಕ್ಸ್‌ನಲ್ಲಿ ಸತ್ತ ಮೂವರು ಬಿಳಿಯರಿಗೆ ವೀರರ ಪಟ್ಟ ಕಟ್ಟಲಾಯಿತು. ಮುಂದೆ ಅಲ್ಲಿ ರಾಜ್ಯವೇ ನೆಟ್ಟ ಫಲಕ ಹತ್ಯಾಕಾಂಡವನ್ನು ‘ಗಲಭೆ’ ಎಂದು ಕರೆಯಿತು. ಕೊಲೆಯಾದವರನ್ನು ಗಲಭೆಯ ಪಾಲುದಾರರನ್ನಾಗಿಸುವ ಶಕ್ತಿ ಈ ಒಂದು ಪದಕ್ಕಿತ್ತು.

ಮೊದಲ ಸ್ಮಾರಕವನ್ನು 2017ರಲ್ಲಿ, ಫಲಕವನ್ನು 2021ರಲ್ಲಿ ತೆಗೆಯಲಾಯಿತು. 2023ರ ಏಪ್ರಿಲ್ 13ರಂದು ಕಾಲ್‌ಫ್ಯಾಕ್ಸ್‌ನಲ್ಲಿ ಹತರಾದ ಕಪ್ಪು ಜನರ ಸ್ಮಾರಕ ಅನಾವರಣಗೊಂಡಿತು. ಸರಿಯಾಗಿ ನೂರೈವತ್ತು ವರ್ಷಗಳ ತರುವಾಯ, ಅಂದಾಜಿನ ಅಂಕಿಯೊಳಗೆ ಅಡಗಿದ್ದವರಲ್ಲಿ ಗುರುತಿಸಲಾದವರ ಹೆಸರುಗಳು ಕಲ್ಲನ್ನೇರಿದವು.