ರಾತ್ರೋರಾತ್ರಿ ಬದಲಾದ ಎಲೆ

ಊರಲ್ಲಿ ಅಪ್ಪ ಅರಳಿಕಟ್ಟೆಯಲ್ಲಿ ಇಸ್ಪೀಟು ಆಡ್ತಿದ್ದರು. ಆಟ ಬದಲಾದರೂ ಎಲೆ ಬದಲಾಗ್ತಿರಲಿಲ್ಲ, ರಾಣಿ ರಾಣಿಯೇ. ನಾನು ಬೆಂಗಳೂರಿನ ಪೀಜಿ ರೂಮಲ್ಲಿ ಕಲಿತದ್ದು ಹಾರ್ತ್‌ಸ್ಟೋನ್. ಅಲ್ಲಿ 30 ಕಾರ್ಡಿನ ಡೆಕ್ಕನ್ನು ನಾವೇ ಕಟ್ಟಬೇಕು.

2015ರ ಏಪ್ರಿಲ್‌ನಲ್ಲಿ 'ಗ್ರಿಮ್ ಪೇಟ್ರನ್' ಬಂತು: ಏಟು ತಿಂದೂ ಬದುಕಿದರೆ ತನ್ನಂಥದೇ ಇನ್ನೊಂದನ್ನು ಹುಟ್ಟಿಸುವ ಕಾರ್ಡು. ಜೊತೆಗೆ 'ವಾರ್‌ಸಾಂಗ್ ಕಮಾಂಡರ್' ಇದ್ದರೆ, ಬಲ 3 ಅಥವಾ ಅದಕ್ಕಿಂತ ಕಡಿಮೆ ಇರುವವು ಇಳಿದ ಕ್ಷಣವೇ ದಾಳಿಗೆ ರೆಡಿ. 'ವರ್ಲ್‌ವಿಂಡ್' ಹಾಕಿ ಎಲ್ಲರಿಗೂ ಒಂದೊಂದು ಏಟು ಕೊಟ್ಟರೆ ನಮ್ಮ ಒಂದು ಪೇಟ್ರನ್ ಎರಡು, ಎರಡು ನಾಲ್ಕು. ಕೇಳೋಕೆ ಸುಲಭ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನೋ ಲೆಕ್ಕ, ತೆರೆ ಮೇಲಿನ ಹಗ್ಗ ಉರಿದು ಮುಗಿಯೋದರೊಳಗೆ ಆಗಬೇಕು. ತಿಂಗಳುಗಟ್ಟಲೆ ಸೋತು ಕಲಿತೆ.

ಅದೇ ಅಕ್ಟೋಬರ್‌ನಲ್ಲಿ ಕಮಾಂಡರ್ ಮೇಲಿನ ಸಾಲು ಬದಲಾಯಿತು: ಮೊದಲೇ ಚಾರ್ಜ್ ಇರುವವಕ್ಕೆ ಬಲ +1, ಅಷ್ಟೇ. ಆ ಪಟ್ಟು ಅಲ್ಲಿಗೆ ಮುಗೀತು. ಎದುರಾಳಿ ಕೈಕಟ್ಟಿ ನೋಡುತ್ತಾ ಸೋಲಬೇಕಿದ್ದ ಪಟ್ಟು ಅದು, ಬದಲಾವಣೆ ನ್ಯಾಯವೇ. ಆದರೆ ಕೈಗೆ ಹತ್ತಿದ್ದ ವಿದ್ಯೆ?

ಈಗ ಆಫೀಸಲ್ಲಿ ನಾನೂ ರಿಲೀಸ್ ಮಾಡ್ತೀನಿ. ಒಂದು ಬಟನ್ ಜಾಗ ಬದಲಿಸುವ ಮುಂಚೆ ಒಂದು ನಿಮಿಷ ನಿಲ್ತೀನಿ. ಅದನ್ನು ಕಣ್ಣುಮುಚ್ಚಿ ಒತ್ತೋಕೆ ಯಾರೋ ತಿಂಗಳುಗಟ್ಟಲೆ ಕಲಿತಿರ್ತಾರೆ.