232 ವರ್ಷ ಕಾದ ಸಂಖ್ಯೆ

ಮರಿನ್ ಮೆರ್ಸೆನ್ 17ನೇ ಶತಮಾನದ ಪ್ಯಾರಿಸ್ಸಿನಲ್ಲಿದ್ದ ಕ್ರೈಸ್ತ ಸನ್ಯಾಸಿ. ಗಣಿತಕ್ಕೆಂದೇ ಪತ್ರಿಕೆಗಳಿಲ್ಲದ ಆ ಕಾಲದಲ್ಲಿ ಡೆಕಾರ್ಟ್, ಫರ್ಮಾ ಮೊದಲಾದವರ ಶೋಧಗಳು ಅವನ ಪತ್ರಗಳ ಮೂಲಕವೇ ಊರೂರು ತಲುಪುತ್ತಿದ್ದವು. 1644ರಲ್ಲಿ ಅವನು ಒಂದು ಪಟ್ಟಿ ಪ್ರಕಟಿಸಿದ. 2ರ ಘಾತದಿಂದ 1 ಕಳೆದಾಗ ಅವಿಭಾಜ್ಯ ಸಂಖ್ಯೆ ಸಿಗುವುದು, 257ರವರೆಗಿನ ಘಾತಗಳಲ್ಲಿ, 2, 3, 5, 7, 13, 17, 19, 31, 67, 127, 257 ಇವಕ್ಕೆ ಮಾತ್ರ ಎಂದ. ಸಾಧನೆ ಕೊಡಲಿಲ್ಲ. ಹದಿನೈದು ಇಪ್ಪತ್ತು ಅಂಕಿಗಳ ಸಂಖ್ಯೆಯೊಂದು ಅವಿಭಾಜ್ಯವೇ ಎಂದು ಪರೀಕ್ಷಿಸಲು ಇಡೀ ಕಾಲವೂ ಸಾಲದು ಎಂದು ಅವನೇ ಬರೆದಿದ್ದ. ಹಾಗಿದ್ದೂ 127ನೇ ಘಾತದ ಸಂಖ್ಯೆಗೆ 39 ಅಂಕಿಗಳಿದ್ದವು:

170141183460469231731687303715884105727

ಇದನ್ನು ಬೆಸಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡುವುದಾದರೆ, ಸೆಕೆಂಡಿಗೊಂದು ಭಾಗಾಕಾರ ಮುಗಿಸಿದರೂ ವಿಶ್ವದ ಈವರೆಗಿನ ವಯಸ್ಸು ಸಾಲದು. 31ನೇ ಘಾತದ ಸಂಖ್ಯೆ ಅವಿಭಾಜ್ಯವೆಂದು 1772ರಲ್ಲಿ ಆಯ್ಲರ್ ತೋರಿಸಿದ್ದ. ಅದಕ್ಕಿದ್ದದ್ದು ಹತ್ತೇ ಅಂಕಿ.

1876ರಲ್ಲಿ ಫ್ರಾನ್ಸಿನ ಎದ್ವಾರ್ ಲ್ಯೂಕಾ ಭಾಗಿಸುವ ದಾರಿಯನ್ನೇ ಬಿಟ್ಟ. ಅವನ ವಿಧಾನವನ್ನು ಮುಂದೆ ಅಮೆರಿಕದ ಲೆಹ್ಮರ್ ಸರಳಗೊಳಿಸಿದ. ಆ ರೂಪದಲ್ಲಿ ಅದು ಹೀಗಿದೆ: 4ರಿಂದ ಆರಂಭಿಸಿ, ಪ್ರತಿ ಸಲ ವರ್ಗ ಮಾಡಿ 2 ಕಳೆಯಬೇಕು, ಬಂದದ್ದನ್ನು ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಉಳಿಸಿಕೊಳ್ಳಬೇಕು. ಘಾತಕ್ಕಿಂತ ಎರಡು ಕಡಿಮೆ ಹೆಜ್ಜೆಗಳ ಕೊನೆಗೆ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬಾರದಿದ್ದರೆ ಅಲ್ಲ. 5ನೇ ಘಾತದ ಸಂಖ್ಯೆ 31. ಮೂರು ಹೆಜ್ಜೆ ನೋಡಿ: 4ರಿಂದ 14, 14ರಿಂದ 194, ಶೇಷ 8, 8ರಿಂದ 62, ಶೇಷ 0. ಹಾಗಾಗಿ 31 ಅವಿಭಾಜ್ಯ. 127ಕ್ಕಾದರೆ ಇಂಥ 125 ಹೆಜ್ಜೆಗಳು. ದೊಡ್ಡ ಕೆಲಸವೇ, ಆದರೆ ಒಬ್ಬ ಮನುಷ್ಯನ ಕೈಗೆ ಎಟುಕುವಂಥದ್ದು. ಮೆರ್ಸೆನ್ನನ ಮಾತು 232 ವರ್ಷಗಳ ಬಳಿಕ ನಿಜವಾಯಿತು.

ಅದೇ ವರ್ಷ ಲ್ಯೂಕಾ 67ನೇ ಘಾತದ ಸಂಖ್ಯೆ ಅವಿಭಾಜ್ಯವಲ್ಲ ಎಂದೂ ತೋರಿಸಿದ. ಅದನ್ನು ಭಾಗಿಸುವ ಸಂಖ್ಯೆ ಯಾವುದೆಂದು ಮಾತ್ರ ಅವನಿಗೆ ತಿಳಿದಿರಲಿಲ್ಲ. ಬೀಗ ತೆರೆಯುತ್ತದೆಂಬುದು ಖಚಿತ, ಕೀಲಿಕೈ ಕಂಡವರಿಲ್ಲ! ಅಮೆರಿಕದ ಫ್ರಾಂಕ್ ಕೋಲ್ 1903ರಲ್ಲಿ ಅದನ್ನು ಹುಡುಕಿದ: 193707721 ಮತ್ತು 761838257287. ಇವೆರಡನ್ನು ಗುಣಿಸಿದರೆ ಆ 21 ಅಂಕಿಗಳ ಸಂಖ್ಯೆ.

ಮೆರ್ಸೆನ್ನನ ಪಟ್ಟಿಯಲ್ಲಿ 257 ಕೂಡ ತಪ್ಪು. ಇರಬೇಕಾಗಿದ್ದ 61, 89, 107 ಅಲ್ಲಿರಲಿಲ್ಲ. ಪಟ್ಟಿ ಪೂರ್ತಿ ತಿದ್ದಿ ಮುಗಿದದ್ದು 1947ರಲ್ಲಿ. ಹೀಗೆ ನೋಡಿದರೆ 127ರ ವಿಷಯದಲ್ಲಿ ಮೆರ್ಸೆನ್ ಹೇಳಿದ್ದು ಸರಿಯಾಗಿತ್ತು ನಿಜ, ಆದರೆ 67ರ ಬಗ್ಗೆಯೂ ಅವನು ಅಷ್ಟೇ ಧೈರ್ಯದಿಂದ ಹೇಳಿದ್ದ. ಎರಡರ ನಡುವಿನ ವ್ಯತ್ಯಾಸ ಲೋಕಕ್ಕೆ ತಿಳಿದದ್ದು ಲ್ಯೂಕಾನ ಲೆಕ್ಕದಿಂದ.

ಅವನ 39 ಅಂಕಿಗಳ ಸಂಖ್ಯೆ 1951ರವರೆಗೆ, ಅಂದರೆ 75 ವರ್ಷ, ಗೊತ್ತಿದ್ದ ಅತಿದೊಡ್ಡ ಅವಿಭಾಜ್ಯವಾಗಿ ಉಳಿಯಿತು. 2024ರಲ್ಲಿ ಸಿಕ್ಕಿದ್ದಕ್ಕೆ 4,10,24,320 ಅಂಕಿಗಳು. ಅದನ್ನು ಕಂಪ್ಯೂಟರುಗಳು ಖಚಿತಪಡಿಸಿದ್ದೂ 4ರಿಂದ ಆರಂಭಿಸಿ, ವರ್ಗ ಮಾಡಿ, 2 ಕಳೆಯುತ್ತಲೇ.