ಆರೋಪವನ್ನು ಪ್ರಚಾರ ನುಂಗಿದ ಬಗೆ: ಅಲಾಸ್ಕಾ ಪ್ರಕರಣ ಮತ್ತು 2008ರ ಅಮೆರಿಕ ಚುನಾವಣೆ

ಉಪಾಧ್ಯಕ್ಷ ಅಭ್ಯರ್ಥಿಯ ಮೇಲೆ ಅಧಿಕಾರ ದುರುಪಯೋಗದ ಆರೋಪ ಬಂದಾಗ ಎಲ್ಲರೂ ಮೊದಲು ಕೇಳುವುದು, ಇದರಿಂದ ಎಷ್ಟು ಮತ ಹೋಯಿತು ಎಂದು. 2008ರಲ್ಲಿ ರಿಪಬ್ಲಿಕನ್ ಪಕ್ಷದ ಸಾರಾ ಪೇಲಿನ್ ಎದುರಿಸಿದ ಆರೋಪವನ್ನು ಈ ಒಂದೇ ಅಳತೆಗೋಲಿನಿಂದ ಅಳೆದರೆ ಮುಖ್ಯ ಸಂಗತಿ ಕೈತಪ್ಪುತ್ತದೆ. ಆ ಆರೋಪ ಪ್ರಚಾರವನ್ನು ಬದಲಿಸಿದ್ದಕ್ಕಿಂತ, ಪ್ರಚಾರವೇ ಆರೋಪದ ಸ್ವರೂಪವನ್ನು ಹೆಚ್ಚು ಬದಲಿಸಿತು ಎಂಬುದು ಈ ಲೇಖನದ ವಾದ.

ಅಲಾಸ್ಕಾದ ಗವರ್ನರ್ ಆಗಿದ್ದ ಪೇಲಿನ್ 2008ರ ಜುಲೈ 11ರಂದು ರಾಜ್ಯದ ಸಾರ್ವಜನಿಕ ಸುರಕ್ಷತಾ ಆಯುಕ್ತ ವಾಲ್ಟ್ ಮೊನೆಗನ್ ಅವರನ್ನು ಹುದ್ದೆಯಿಂದ ತೆಗೆದರು. ಗವರ್ನರ್ ಅವರ ತಂಗಿಯ ಮಾಜಿ ಪತಿಯಾದ ಪೊಲೀಸನೊಬ್ಬನನ್ನು ಕೆಲಸದಿಂದ ವಜಾ ಮಾಡುವಂತೆ ತಮ್ಮ ಮೇಲೆ ಒತ್ತಡವಿತ್ತು ಎಂಬುದು ಮೊನೆಗನ್ ಅವರ ಮಾತು. ಆ ಪೊಲೀಸನ ಮೇಲಿನ ಶಿಸ್ತುಕ್ರಮ ಪೇಲಿನ್ ಅಧಿಕಾರಕ್ಕೆ ಬರುವ ಮೊದಲೇ ಮುಗಿದಿತ್ತು. ಜುಲೈ 28ರಂದು, ರಿಪಬ್ಲಿಕನ್ನರೇ ಹೆಚ್ಚಿದ್ದ ಶಾಸಕಾಂಗ ಮಂಡಳಿ ಸರ್ವಾನುಮತದಿಂದ ತನಿಖೆಗೆ ಒಪ್ಪಿತು. ನಿವೃತ್ತ ಸರ್ಕಾರಿ ವಕೀಲ ಸ್ಟೀಫನ್ ಬ್ರಾಂಚ್‌ಫ್ಲವರ್ ತನಿಖಾಧಿಕಾರಿಯಾದರು. ಸಹಕರಿಸುವುದಾಗಿ ಪೇಲಿನ್ ಕೂಡ ಹೇಳಿದ್ದರು. ಅಲ್ಲಿಯವರೆಗೆ ಅದು ಒಂದು ರಾಜ್ಯ ತನ್ನ ಆಡಳಿತವನ್ನು ತಾನೇ ಪ್ರಶ್ನಿಸಿಕೊಳ್ಳುವ ಸಹಜ ಕ್ರಮವಾಗಿತ್ತು, ಪಕ್ಷದ ಜಗಳವಾಗಿರಲಿಲ್ಲ.

ಆಗಸ್ಟ್ 29ರಂದು ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್ ಪೇಲಿನ್ ಅವರನ್ನು ತಮ್ಮ ಜೊತೆಯ ಉಪಾಧ್ಯಕ್ಷ ಅಭ್ಯರ್ಥಿಯೆಂದು ಘೋಷಿಸಿದ ಮೇಲೆ ಚಿತ್ರ ಬದಲಾಯಿತು. ತನಿಖೆಯ ಉಸ್ತುವಾರಿ ಹೊತ್ತಿದ್ದ ಡೆಮಾಕ್ರಟಿಕ್ ಪಕ್ಷದ ರಾಜ್ಯ ಸೆನೆಟರ್ ಹಾಲಿಸ್ ಫ್ರೆಂಚ್, ವರದಿ ಅಕ್ಟೋಬರ್‌ನಲ್ಲಿ ಅಚ್ಚರಿ ತರಬಹುದೆಂಬ ಅರ್ಥದ ಮಾತಾಡಿ ಎದುರಾಳಿಗಳ ಕೈಗೆ ತಾವಾಗಿಯೇ ಅಸ್ತ್ರ ಕೊಟ್ಟರು. ತನಿಖೆ ನಡೆಸುವವರು ಆಡಬಾರದ ಮಾತು ಅದು. ಮೆಕೇನ್ ಪ್ರಚಾರ ತಂಡದ ವಕೀಲರು ಅಲಾಸ್ಕಾಕ್ಕೆ ಬಂದಿಳಿದರು. ಸಮನ್ಸ್‌ಗಳಿಗೆ ಪ್ರತಿರೋಧ ಎದುರಾಯಿತು. ಗವರ್ನರ್ ಅವರ ಪತಿ ಟಾಡ್ ಪೇಲಿನ್ ಹಾಜರಾಗದೆ ಕೊನೆಗೆ ಲಿಖಿತ ಉತ್ತರ ಕೊಟ್ಟರು. ಪೇಲಿನ್ ತಮ್ಮ ಮೇಲೆ ತಾವೇ ದೂರು ಕೊಟ್ಟುಕೊಂಡು, ಸದಸ್ಯರನ್ನು ನೇಮಿಸುವ ಅಧಿಕಾರ ಗವರ್ನರ್‌ಗೇ ಇರುವ ಸಿಬ್ಬಂದಿ ಮಂಡಳಿಯ ಮುಂದೆ ವಿಷಯವನ್ನು ಒಯ್ದರು. ಹೀಗೆ ಒಂದೇ ಆರೋಪಕ್ಕೆ ಎರಡು ತನಿಖೆಗಳು.

ತನಿಖೆಯನ್ನು ನಿಲ್ಲಿಸಬೇಕೆಂಬ ಮನವಿಯನ್ನು ರಾಜ್ಯದ ಸುಪ್ರೀಂ ಕೋರ್ಟ್ ತಳ್ಳಿಹಾಕಿದ ಮರುದಿನ, ಅಕ್ಟೋಬರ್ 10ರಂದು, ಬ್ರಾಂಚ್‌ಫ್ಲವರ್ ವರದಿ ಹೊರಬಂತು. ಅದರ ಮುಖ್ಯ ತೀರ್ಮಾನ ಒಂದಲ್ಲ, ಎರಡು. ಕುಟುಂಬದ ವೈಷಮ್ಯಕ್ಕಾಗಿ ಅಧೀನ ಅಧಿಕಾರಿಗಳ ಮೇಲೆ ಒತ್ತಡ ಬೀಳಲು ಬಿಟ್ಟು ಗವರ್ನರ್ ರಾಜ್ಯದ ನೈತಿಕ ನಡವಳಿಕೆ ಕಾಯ್ದೆಯನ್ನು ಉಲ್ಲಂಘಿಸಿದ್ದಾರೆ; ಆದರೆ ಮೊನೆಗನ್ ಅವರನ್ನು ತೆಗೆಯುವುದು ಅವರ ಕಾನೂನುಬದ್ಧ ಅಧಿಕಾರದೊಳಗೇ ಇತ್ತು. ತಮ್ಮಿಂದ ಯಾವ ಅನೈತಿಕ ನಡೆಯೂ ನಡೆದಿಲ್ಲವೆಂದು ವರದಿ ಹೇಳಿದೆ ಎಂಬಂತೆ ಪೇಲಿನ್ ಮಾತಾಡಿದರು. ವರದಿಯ ಮೊದಲ ತೀರ್ಮಾನಕ್ಕೆ ಇದು ನೇರ ವಿರುದ್ಧ. ಪ್ರಚಾರದ ಒತ್ತಡ ಮಾಡಿದ ಅತಿ ದೊಡ್ಡ ಹಾನಿ ಇದೇ ಎಂದು ನನಗೆ ತೋರುತ್ತದೆ: ಎಚ್ಚರಿಕೆಯಿಂದ ಬಿಡಿಸಿಟ್ಟ ಎರಡು ಮಾತುಗಳಲ್ಲಿ ಪ್ರತಿ ಪಕ್ಷವೂ ತನಗೆ ಬೇಕಾದ ಒಂದನ್ನಷ್ಟೇ ಎತ್ತಿಕೊಂಡಿತು.

ಮತದ ಲೆಕ್ಕಕ್ಕೆ ಬಂದರೆ, ಈ ಆರೋಪದ ಪಾಲನ್ನು ಬೇರ್ಪಡಿಸಿ ತೋರಿಸುವುದು ದುಸ್ಸಾಧ್ಯ. ಸೆಪ್ಟೆಂಬರ್ 15ರಂದು ಹೂಡಿಕೆ ಬ್ಯಾಂಕ್ ಲೀಮನ್ ಬ್ರದರ್ಸ್ ದಿವಾಳಿಯಾಗಿತ್ತು. ವರದಿ ಬಂದ ವಾರದಲ್ಲೇ ಡೌ ಜೋನ್ಸ್ ಷೇರು ಸೂಚ್ಯಂಕ ಸುಮಾರು ಶೇಕಡಾ 18ರಷ್ಟು ಕುಸಿದಿತ್ತು. ಮನೆಯ ಬೆಲೆ, ನಿವೃತ್ತಿಯ ಉಳಿತಾಯ ಕರಗುತ್ತಿದ್ದ ಹೊತ್ತಿನಲ್ಲಿ ದೂರದ ರಾಜ್ಯದ ಆಯುಕ್ತರೊಬ್ಬರ ವಜಾ ಎಷ್ಟು ಜನರ ಮನಸ್ಸಿನಲ್ಲಿ ನಿಂತೀತು? ಡೆಮಾಕ್ರಟಿಕ್ ಅಭ್ಯರ್ಥಿ ಬರಾಕ್ ಒಬಾಮಾ 365–173 ಎಲೆಕ್ಟೋರಲ್ ಮತಗಳಿಂದ ಗೆದ್ದದ್ದನ್ನು ಈ ಪ್ರಕರಣದ ತಲೆಗೆ ಕಟ್ಟಲಾಗದು. ರಾಜಕೀಯ ವಿಜ್ಞಾನಿಗಳಾದ ಕ್ರಿಸ್ಟೋಫರ್ ಡಿವೈನ್ ಮತ್ತು ಕೈಲ್ ಕೊಪ್ಕೊ 2020ರ ತಮ್ಮ ಗ್ರಂಥದಲ್ಲಿ ಹೆಚ್ಚು ಉಪಯುಕ್ತವಾದ ದಾರಿ ತೋರಿಸಿದ್ದಾರೆ: ಉಪಾಧ್ಯಕ್ಷ ಅಭ್ಯರ್ಥಿಯ ಪ್ರಭಾವ ಮುಖ್ಯವಾಗಿ ಪರೋಕ್ಷವಾದದ್ದು, ಆ ಆಯ್ಕೆಯ ಮೂಲಕ ಮತದಾರರು ಅಧ್ಯಕ್ಷ ಅಭ್ಯರ್ಥಿಯನ್ನೇ ಅಳೆಯುತ್ತಾರೆ. ಈ ದೃಷ್ಟಿಯಿಂದ ನೋಡಿದರೆ ತನಿಖೆ ಶುರುವಾಗಿ ಒಂದು ತಿಂಗಳಾದ ಮೇಲೆ ಆಯ್ಕೆ ನಡೆದದ್ದು ಮುಖ್ಯವಾಗುತ್ತದೆ. ಆರೋಪ ಗುಟ್ಟಾಗಿರಲಿಲ್ಲ. ಅನುಭವವನ್ನೇ ಬಂಡವಾಳ ಮಾಡಿಕೊಂಡಿದ್ದ ಮೆಕೇನ್ ಅವರ ವಿವೇಚನೆಯೇ ಪ್ರಶ್ನೆಗೆ ಒಳಗಾಯಿತು. ಭ್ರಷ್ಟಾಚಾರವನ್ನು ಎದುರಿಸಿದ ಸುಧಾರಕಿ ಎಂದು ಪೇಲಿನ್ ಅವರನ್ನು ಬಿಂಬಿಸಿದ್ದರಿಂದ ಆರೋಪ ಆ ಬಿಂಬದ ಬುಡಕ್ಕೇ ತಾಗಿತು.

ಮತದಾನದ ಮುನ್ನಾದಿನ, ನವೆಂಬರ್ 3ರಂದು, ಸಿಬ್ಬಂದಿ ಮಂಡಳಿ ನೇಮಿಸಿದ್ದ ವಕೀಲ ಟಿಮ್ ಪೆಟುಮೆನೊಸ್ ಪೇಲಿನ್ ಕಾಯ್ದೆ ಮೀರಿದ್ದಾರೆಂದು ನಂಬಲು ಆಧಾರವಿಲ್ಲ ಎಂದರು. ಬ್ರಾಂಚ್‌ಫ್ಲವರ್‌ಗೆ ದಕ್ಕದಿದ್ದ, ಪೇಲಿನ್ ದಂಪತಿ ಖುದ್ದಾಗಿ ನೀಡಿದ ಪ್ರಮಾಣಪೂರ್ವಕ ಹೇಳಿಕೆ ಅವರ ಮುಂದಿತ್ತು ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಅಷ್ಟರಲ್ಲಿ ಕೋಟ್ಯಂತರ ಜನ ಮುಂಗಡವಾಗಿ ಮತ ಹಾಕಿಯಾಗಿತ್ತು.

ಚುನಾವಣೆ ಮುಗಿದರೂ ದೂರುಗಳು ನಿಲ್ಲಲಿಲ್ಲ. ಸಾಲುಸಾಲಾಗಿ ಬಂದ ನೈತಿಕ ದೂರುಗಳು ಸರ್ಕಾರದ ಹಣ, ಸಮಯ ತಿನ್ನುತ್ತಿವೆ ಎಂಬ ಕಾರಣವನ್ನೂ ಮುಂದಿಟ್ಟು ಪೇಲಿನ್ 2009ರ ಜುಲೈ 3ರಂದು, ಅವಧಿ ಮುಗಿಯುವ ಮೊದಲೇ, ಗವರ್ನರ್ ಹುದ್ದೆ ಬಿಡುವುದಾಗಿ ಘೋಷಿಸಿದರು. ರಾಷ್ಟ್ರೀಯ ಪ್ರಚಾರದ ಪರಿಣಾಮವನ್ನು ನವೆಂಬರ್‌ವರೆಗಿನ ಸಮೀಕ್ಷೆಗಳಲ್ಲಿ ಮಾತ್ರ ಹುಡುಕುವ ಅಧ್ಯಯನಗಳಿಗೆ ಅಲಾಸ್ಕಾದ ಆಡಳಿತದಲ್ಲಿ ಉಂಟಾದ ಈ ತಿರುವು ಕಾಣಿಸುವುದೇ ಇಲ್ಲ.